ಯಾರೂ ತಿನ್ನದ ಕೊಬ್ಬು

ಬೆಳಗ್ಗೆ ಆರೂಕಾಲಕ್ಕೆ ಬೀಗದಮ್ಮ ಸಕ್ಕರೆ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟಳು. ಮುಳ್ಳು ಅತ್ತ ಇತ್ತ ಅಲ್ಲಾಡಿ ನಿಂತಿತು. ನಿನ್ನೆ ಇದೇ ಹೊತ್ತಿಗೆ ಇದ್ದುದಕ್ಕಿಂತ ನಲವತ್ತು ಗ್ರಾಂ ಕಡಿಮೆ. ತನ್ನ ಟೀಗೆ ಎರಡು ಚಮಚ, ಗಂಡನ ಟೀಗೆ ಅರ್ಧ ಚಮಚ, ದಿನಕ್ಕೆ ಎರಡು ಸಲ. ಎಷ್ಟು ಧಾರಾಳವಾಗಿ ಹಿಡಿದರೂ ಇಪ್ಪತ್ತೈದು ಗ್ರಾಂ ದಾಟುವಂತಿಲ್ಲ. ಮಿಕ್ಕ ಹದಿನೈದು ಗ್ರಾಂ ಎಲ್ಲಿಗೆ ಹೋಯಿತು? ಪಕ್ಕದಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಎತ್ತಿ ನೋಡಿದಳು. ಅದರ ಬಾಯಿಗೆ ತಾನೇ ದಾರ ಸುತ್ತಿ ಗಂಟು ಹಾಕಿದ್ದಳು. ಗಂಟೇನೋ ಇತ್ತು, ಆದರೆ ಅದು ಅವಳು ಹಾಕಿದ ಗಂಟಲ್ಲ.

"ಸಿಕ್ಕಿಬಿದ್ದೆಯಲ್ಲ ಪುಟ್ಟೀ," ಎಂದು ಒಬ್ಬಳೇ ಹೇಳಿಕೊಂಡಳು. ಗೆದ್ದೆನೆಂಬ ಖುಷಿಯ ಜೊತೆಗೇ ಭಯವೂ ಆಯಿತು. ಯಾಕೆಂದರೆ ಈ ಮನೆಯಲ್ಲಿ ಕದ್ದು ತಿಂದವರು ಎರಡು ಬೈಗುಳ ತಿಂದು ಪಾರಾಗುವಂತಿರಲಿಲ್ಲ. ಅದು ಪ್ರಾಣಕ್ಕೇ ಬರುತ್ತಿತ್ತು.

ಬೀಗದಮ್ಮ ಎನ್ನುವುದು ತಾಯಿತಂದೆ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕೇ! ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್. ಅಲ್ಲಿಯ ಅಡುಗೆಯವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಮ್ಮ ಎನ್ನುತ್ತಿದ್ದರು. ಅವಳಿಗೆ ಎರಡೂ ಗೊತ್ತಿತ್ತು, ಎರಡನೆಯದೇ ಹೆಚ್ಚು ಇಷ್ಟವಾಗಿತ್ತು. ಒಬ್ಬ ಅಡುಗೆಯವನ ಚಪ್ಪಲಿಯ ಅಂಚಿಗೆ ಅಂಟಿದ ಒಂದೇ ಹನಿ ಎಣ್ಣೆ ನೋಡಿ ಹದಿನಾರು ಲೀಟರಿನ ಕಳ್ಳತನ ಹಿಡಿದವಳು ಅವಳು. ಸರಕು ಕಡಿಮೆ ಬಿದ್ದರೆ ಯಾರೋ ತೆಗೆದಿದ್ದಾರೆ, ಅಭ್ಯಾಸ ಇರುವವರೇ ತೆಗೆದಿರುತ್ತಾರೆ, ಅವರನ್ನು ಮೊದಲು ಹಿಡಿ. ಇಷ್ಟೇ ಅವಳ ಪದ್ಧತಿ. ಹಾಸ್ಟೆಲಿನಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮನೆಯಲ್ಲಿ ಯಾರನ್ನು ಹಿಡಿಯಬೇಕೆಂದು ಹುಡುಕಬೇಕಾಗಿಯೇ ಇರಲಿಲ್ಲ. ಮಗಳು ಪುಟ್ಟಿಗೆ ಇಪ್ಪತ್ತೇಳು. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಆ ವಯಸ್ಸಿಗೇ ಸಕ್ಕರೆ ಕಾಯಿಲೆ. ರಕ್ತದಲ್ಲಿ ಕೊಬ್ಬು ಎಷ್ಟಿತ್ತೆಂದರೆ, ಪರೀಕ್ಷೆಗೆಂದು ತೆಗೆದ ರಕ್ತ ಕೊಳವೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೇಲೆ ಹಾಲಿನ ಹಾಗೆ ಬೆಳ್ಳಗೆ ತೇಲುತ್ತಿತ್ತು. ನಾಲ್ಕು ತಿಂಗಳ ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದ್ದಳು. ಹನ್ನೊಂದು ದಿನ ಆಸ್ಪತ್ರೆ. ಮನೆಗೆ ಕಳಿಸುವಾಗ ಅಲ್ಲಿಯ ಹಿರಿಯ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಬಾಯಿ ಕಟ್ಟದೆ ಇದ್ರೆ ಮತ್ತೆ ಬರುತ್ತೆ. ಮುಂದಿನ ಸಲ ನಾನು ಗ್ಯಾರಂಟಿ ಕೊಡಲ್ಲ. ಮನೇಲಿ ಯಾರಾದ್ರೂ ಒಂದು ಕಣ್ಣಿಟ್ಟಿರಿ," ಎಂದಿದ್ದರು. ಕಣ್ಣಿಡುವ ಕೆಲಸವನ್ನು ಬೀಗದಮ್ಮನಿಗೆ ಯಾರಾದರೂ ಹೇಳಿಕೊಡಬೇಕೇ!

ಪುಟ್ಟಿ ಹಲ್ಲುಜ್ಜಿ ಮುಖ ಒರೆಸಿಕೊಳ್ಳುತ್ತಾ ಬಂದಳು.

"ಬಿಸ್ಕತ್ತು ಎಷ್ಟು ತಿಂದೆ?"

"ಯಾವ ಬಿಸ್ಕತ್ತು? ಒಂದೂ ಇಲ್ಲ."

"ಹಾಗಾದ್ರೆ ಗಂಟು ತಾನಾಗೇ ಬಿಚ್ಕೊಂಡು ತಾನಾಗೇ ಕಟ್ಕೊಳ್ತಾ?"

"ಬಿಸ್ಕತ್ತಿಗೂ ಗಂಟು ಹಾಕಿದ್ಯಾ? ಅಮ್ಮಾ, ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

"ಹೂಂ, ಕೆಟ್ಟಿದೆ. ನನ್ನ ತಲೆ ಕೆಟ್ಟಿರೋದಕ್ಕೇ ನೀನು ಇನ್ನೂ ಓಡಾಡ್ಕೊಂಡಿದ್ದೀಯ."

ಪುಟ್ಟಿ ಟವೆಲನ್ನು ಕುರ್ಚಿಯ ಮೇಲೆ ಎಸೆದಳು. "ನಾಲ್ಕು ತಿಂಗಳಿಂದ ಬೇಯಿಸಿದ ತರಕಾರಿ, ಅಳತೆ ಮಾಡಿದ ಬೇಳೆ ಬಿಟ್ಟು ಬೇರೆ ಏನಾದ್ರೂ ಬಾಯಿಗಿಟ್ಟಿದ್ರೆ ಕೇಳು. ಬಸ್‌ಸ್ಟಾಪ್ ಹತ್ರ ಬೇಕರಿ ಇದೆಯಲ್ಲ, ಅದರ ಮುಂದೆ ಉಸಿರು ಬಿಗಿಹಿಡ್ಕೊಂಡು ಹೋಗ್ತೀನಿ. ನಂಬಿದ್ರೆ ನಂಬು, ಬಿಟ್ರೆ ಬಿಡು."

"ತಿನ್ನದೆ ಇದ್ರೆ ಈ ಕುತ್ತಿಗೆ, ಈ ಗಲ್ಲ, ಈ ಹೊಟ್ಟೆ ಎಲ್ಲಾ ಎಲ್ಲಿಂದ ಬಂತಮ್ಮಾ? ಗಾಳಿ ಕುಡಿದಾ?"

ಪುಟ್ಟಿ ತಿಂಡಿಯನ್ನು ಮುಟ್ಟಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಬೀಗದಮ್ಮ ಅವಳ ಚೀಲ ಜಾಲಾಡಿದಳು. ತಿನ್ನುವಂಥದ್ದೇನೂ ಸಿಗಲಿಲ್ಲ. ಮಡಚಿಟ್ಟ ಒಂದು ದಪ್ಪ ಪ್ಯಾಂಟು ಸಿಕ್ಕಿತು. ಮೈಮೇಲೆ ಒಂದು ಇರುವಾಗ ಚೀಲದಲ್ಲಿ ಇನ್ನೊಂದು ಯಾತಕ್ಕೆ? ಆಫೀಸಿಗೆ ಹೋಗಿ ಮೊದಲನೆಯದರ ಮೇಲೆ ಎರಡನೆಯದನ್ನೂ ಹಾಕಿಕೊಂಡು ತನ್ನ ಕಡ್ಡಿಕಾಲು ದಪ್ಪ ಕಾಣುವ ಹಾಗೆ ಮಾಡಿಕೊಳ್ಳುತ್ತಾಳೆಂದು ಆ ತಾಯಿಗೆ ಹೇಗೆ ಗೊತ್ತಾಗಬೇಕು? ಮಗಳು ಹೇಳಿರಲಿಲ್ಲ. ಬೀಗದಮ್ಮ ಪ್ಯಾಂಟಿನ ಜೇಬುಗಳನ್ನೂ ತಡಕಿ ನೋಡಿದಳು.

ಅವಳ ಗಂಡನಿಗೆ ಕೇರಿಯವರೆಲ್ಲ ಅಂಚೆಯಣ್ಣ ಎನ್ನುತ್ತಿದ್ದರು. ನಿವೃತ್ತಿಯಾಗಿ ಎರಡು ವರ್ಷ. ಜಗಳ ನಡೆದಷ್ಟು ಹೊತ್ತೂ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ಆತ, ಸಂಜೆ ಹೆಂಡತಿ ಕೆಲಸದಿಂದ ಬಂದು ಕೂತ ಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಲೇ, ಅದು... ಸಕ್ಕರೆ ನಾನೇ ತಗೊಂಡಿದ್ದು ಕಣೇ. ಬಿಸ್ಕತ್ತೂ ನಾನೇ. ಅರ್ಧ ಚಮಚದ ಟೀ ಗಂಟಲಲ್ಲಿ ಇಳಿಯಲ್ಲ."

"ಮಗಳನ್ನ ಬಚಾವು ಮಾಡೋಕೆ ಸುಳ್ಳು ಹೇಳ್ಬೇಡಿ."

"ಅಯ್ಯೋ! ನಿಜ ಹೇಳಿದ್ರೂ ನಂಬಲ್ಲವಲ್ಲ."

"ಮದುವೆಯಾದಾಗಿನಿಂದ ನೀವೊಂದು ಡಬ್ಬಿ ತೆಗೆದು ಮುಚ್ಚಿದ್ದು ನಾನು ನೋಡಿಲ್ಲ. ಗಂಟು ಹಾಕೋಕೆ ಬರುತ್ತಾ ನಿಮಗೆ?"

"ಮೂವತ್ತೈದು ವರ್ಷ ಅಂಚೆ ಚೀಲ ಕಟ್ಟಿದವನು ಕಣೇ ನಾನು!"

ಬೀಗದಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಳ್ಳರ ಪರವಾಗಿ ಹೀಗೆ ಮಧ್ಯೆ ಬಂದು ತಪ್ಪೊಪ್ಪಿಕೊಳ್ಳುವವರನ್ನು ಹಾಸ್ಟೆಲಿನಲ್ಲಿ ಎಷ್ಟೋ ಜನರನ್ನು ನೋಡಿದ್ದಳು. ಅದಲ್ಲದೆ, ಇದೇ ಮನೆಯಲ್ಲಿ ಕದ್ದು ತಿನ್ನುವವರನ್ನು ಅವಳು ಕಾಯುತ್ತಿದ್ದುದು ಇದು ಎರಡನೆಯ ಸಲ. ಎಂಟು ವರ್ಷದ ಹಿಂದೆ ಇದೇ ತಕ್ಕಡಿಯ ಮುಂದೆ ನಿಂತು ಅವಳು ಅತ್ತೆಯ ಮೇಲೆ ಕಣ್ಣಿಟ್ಟಿದ್ದಳು. ಅತ್ತೆಗೂ ಸಕ್ಕರೆ ಕಾಯಿಲೆ, ಅತ್ತೆಗೂ ಇದೇ ಹೊಟ್ಟೆನೋವು. ಬ್ರೆಡ್ಡು ಬೆಣ್ಣೆ ಕಪಾಟಿನಲ್ಲಿಟ್ಟು ಬೀಗ ಹಾಕಿದರೂ ಮುದುಕಿಯ ಕಾಯಿಲೆ ಇಳಿಯಲಿಲ್ಲ. ಮೂರನೆಯ ಸಲ ಹೊಟ್ಟೆನೋವು ಬಂದಾಗ ಮೂರೇ ದಿನದಲ್ಲಿ ಹೋಗಿಬಿಟ್ಟರು. ಅಂದು ಮನೆಗೆ ಬಂದವರೆಲ್ಲ ಹೇಗಾಯಿತು ಎಂದು ಕೇಳಿದಾಗ ಬೀಗದಮ್ಮ, "ಏನು ಮಾಡೋದು, ಬಾಯಿ ಕಟ್ಟಲಿಲ್ಲ. ಕದ್ದು ತಿಂದೇ ಹೋದ್ರು," ಎಂದಿದ್ದಳು. ಗಂಡನ ತಂಗಿ ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡು, ಎದ್ದು ಚಪ್ಪಲಿ ಮೆಟ್ಟಿ ಹೊರಟವಳು ಇಂದಿನವರೆಗೂ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಇವರಿಗೇಕೆ ಉರಿ ಎಂದು ಬೀಗದಮ್ಮನೂ ಸುಮ್ಮನಾಗಿದ್ದಳು.

ಈಗ ಅವಳಿಗಿದ್ದ ಭಯ ಒಂದೇ. ಅಜ್ಜಿ ಹೋದ ದಾರಿಯಲ್ಲೇ ಮೊಮ್ಮಗಳೂ ಹೋಗುತ್ತಿದ್ದಾಳೆ.

ಮುಂದಿನ ವಾರದ ರಕ್ತ ಪರೀಕ್ಷೆಯಲ್ಲಿ ಕೊಬ್ಬು ಇಳಿಯುವುದಿರಲಿ, ಇನ್ನೂ ಏರಿತ್ತು. ವರದಿ ಹಿಡಿದು ಆಸ್ಪತ್ರೆಗೆ ಹೋದರೆ ಹಿರಿಯ ಡಾಕ್ಟರ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಸಣ್ಣ ವಯಸ್ಸು, ಸೀದಾ ಜಡೆ, ಮೊಳಕೈವರೆಗೆ ಮಡಚಿದ ಬಿಳಿ ಕೋಟು. ಬೀಗದಮ್ಮನಿಗೆ ಮೊದಲ ನೋಟಕ್ಕೇ ಅನುಮಾನ ಬಂತು. ವರದಿ ಓದುವ ಬದಲು ಈಕೆ ಪುಟ್ಟಿಯನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಾಳಲ್ಲ!

"ಕದ್ದು ತಿಂತಾಳೆ ಡಾಕ್ಟ್ರೇ. ನನ್ನ ಹತ್ರ ಪುರಾವೆ ಇದೆ," ಎಂದು ಬೀಗದಮ್ಮ ಶುರು ಮಾಡಿದಳು.

"ಒಂದು ನಿಮಿಷ ತಾಳಿ ಅಮ್ಮಾ. ನೀವು ಪ್ಯಾಂಟು ಸ್ವಲ್ಪ ಮೇಲೆ ಮಡಚ್ತೀರಾ?" ಎಂದು ಡಾಕ್ಟರು ಪುಟ್ಟಿಯನ್ನು ಕೇಳಿದರು.

ಪುಟ್ಟಿ ಹಿಂದೆ ಮುಂದೆ ನೋಡಿದಳು. ಆಮೇಲೆ ಒಂದು ಪ್ಯಾಂಟು ಮಡಚಿದಳು, ಅದರೊಳಗಿನ ಇನ್ನೊಂದನ್ನೂ ಮಡಚಿದಳು. ಮೀನಖಂಡ ಓಟಗಾರರ ಕಾಲಿನ ಹಾಗೆ ಗಟ್ಟಿಯಾಗಿ ಎದ್ದು ಕಾಣುತ್ತಿತ್ತು. ಚರ್ಮದ ಕೆಳಗೆ ಮೆತ್ತಗಿನದೇನೂ ಇಲ್ಲದೆ ನರಗಳು ಹಸಿರಾಗಿ ಉಬ್ಬಿಕೊಂಡಿದ್ದವು. ಮೇಲೆ ಗುಂಡು ಮುಖ, ಎರಡು ಮಡಿಕೆ ಬಿದ್ದ ಗಲ್ಲ, ಕೆಳಗೆ ಇಂಥ ಕಾಲು. ಡಾಕ್ಟರು ಇಕ್ಕಳದಂಥದ್ದೊಂದರಿಂದ ಕಾಲಿನ ಚರ್ಮ ಹಿಡಿದು ಅಳತೆ ನೋಡಿದರು. ಕೊಬ್ಬು ಹಿಡಿಯೋಣವೆಂದರೆ ಬರೀ ಚರ್ಮ ಬಂತು.

"ಚಿಕ್ಕಂದಿನಿಂದ ಹೀಗೇನಾ?"

"ಇಲ್ಲ. ಹನ್ನೆರಡು ಹದಿಮೂರರವರೆಗೂ ಎಲ್ಲರ ಹಾಗೇ ಇತ್ತು. ಆಮೇಲೆ ಹೀಗಾಯ್ತು. ಅಪ್ಪನ ಕಾಲು ಬಂದಿದೆ ಅಂತ ಮನೇಲಿ ಹೇಳ್ತಾರೆ. ಅಪ್ಪನಿಗೆ ಸೈಕಲ್ ತುಳಿದೂ ತುಳಿದೂ ಹಿಂಗಾಗಿದ್ದು."

"ನೀವು ಸೈಕಲ್ ತುಳಿತೀರಾ?"

"ನಂಗೆ ಸೈಕಲ್ ಬರೋದೇ ಇಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಮೈಯೊಳಗೆ ಕೊಬ್ಬು ಎಲ್ಲೆಲ್ಲಿ ಕೂತಿದೆ ಅಂತ ಒಂದು ಸಲ ಸ್ಕ್ಯಾನ್ ಮಾಡಿ ನೋಡೋಣ. ಎಂ.ಆರ್.ಐ. ಮಾಡಿದ್ರೆ ಚೆನ್ನಾಗಿ ಕಾಣುತ್ತೆ."

ಬೀಗದಮ್ಮ ಕುರ್ಚಿಯ ತುದಿಗೆ ಬಂದಳು. "ಒಳಗಿರೋದೆಲ್ಲಾ ಕಾಣುತ್ತಾ?"

"ಕಾಣುತ್ತೆ."

"ಏನನ್ನೂ ಮುಚ್ಚಿಡೋಕಾಗಲ್ಲ?"

"ಆಗಲ್ಲ."

"ಹಾಗಾದ್ರೆ ನಾಳೆನೇ ಮಾಡಿ."

ಮಗಳ ಮುಖ ಕಪ್ಪಿಟ್ಟಿತು. ತಾಯಿ ಅದನ್ನೂ ಗಮನಿಸಿದಳು, ಗಮನಿಸಿ ತಪ್ಪಾಗಿ ತಿಳಿದುಕೊಂಡಳು.

ಸ್ಕ್ಯಾನಿನ ದಿನ ಪುಟ್ಟಿಯ ಓಲೆ, ಗಡಿಯಾರ, ಹೇರ್‌ಪಿನ್ನುಗಳನ್ನೆಲ್ಲ ತೆಗೆಸಿ, ನೀಲಿ ಗೌನು ಹಾಕಿಸಿ ಒಳಗೆ ಕರೆದುಕೊಂಡು ಹೋದರು. ದಪ್ಪ ಬಾಗಿಲು ಮುಚ್ಚಿತು. ಒಳಗಿಂದ ಧಡಧಡ, ಟಕಟಕ ಎಂದು ಯಾರೋ ತಗಡು ಬಡಿಯುವಂಥ ಸದ್ದು. ಬೀಗದಮ್ಮ ಹೊರಗಿನ ಬೆಂಚಿನ ಮೇಲೆ ಮಗಳ ಓಲೆಗಳನ್ನು ಮುಷ್ಟಿಯಲ್ಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಳು. ಇಂದು ಸಿಕ್ಕಿಬೀಳಲಿ, ಎಂದುಕೊಂಡಳು. ಯಂತ್ರದ ಮುಂದೆ ಸಿಕ್ಕಿಬಿದ್ದರೆ ನಾಚಿಕೆಯಾಗಿಯಾದರೂ ಬಿಟ್ಟಾಳು. ಬಿಟ್ಟರೆ ಬದುಕಿಯಾಳು. ಒಳಗೆ ಸದ್ದು ನಿಂತಾಗಲೆಲ್ಲ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದಳು.

ಮೂರನೆಯ ದಿನ ಡಾಕ್ಟರು ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡರು. "ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯೋದೆಲ್ಲ ಕೊಬ್ಬು. ಇದು ಹೊಟ್ಟೆ. ಅಡ್ಡ ಕೊಯ್ದು ನೋಡಿದ ಹಾಗೆ ಕಾಣುತ್ತೆ."

ಕರುಳಿನ ಸುತ್ತ ಬಿಳಿಯೋ ಬಿಳಿ. ಎಲ್ಲೂ ಸಂದು ಬಿಡದ ಹಾಗೆ ತುಂಬಿಕೊಂಡಿತ್ತು.

"ನೋಡಿದ್ಯಾ!" ಬೀಗದಮ್ಮ ತೊಡೆ ತಟ್ಟಿದಳು. "ಇಲ್ಲಿದೆ ನೋಡು ಬಿಸ್ಕತ್ತು! ಇಲ್ಲಿದೆ ಸಕ್ಕರೆ! ಇನ್ನಾದ್ರೂ ಒಪ್ಕೋ."

ಪುಟ್ಟಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಡಾಕ್ಟರು ಇನ್ನೆರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. "ಇದು ತೊಡೆ. ಎಡಗಡೆಯದು ಇವರ ವಯಸ್ಸಿನ, ಹೆಚ್ಚುಕಡಿಮೆ ಇವರಷ್ಟೇ ತೂಕದ, ಕಾಯಿಲೆ ಇಲ್ಲದ ಹೆಣ್ಣುಮಗಳದು. ಬಲಗಡೆಯದು ನಿಮ್ಮ ಮಗಳದು."

ಎಡಗಡೆಯ ತೊಡೆಯಲ್ಲಿ ಬೂದು ಬಣ್ಣದ ಸ್ನಾಯುವಿನ ಸುತ್ತ ದಪ್ಪಗೆ ಬಿಳಿ ಬಳೆ ಇತ್ತು. ಬಲಗಡೆಯದರಲ್ಲಿ ಸ್ನಾಯು ಇತ್ತು, ಎಲುಬು ಇತ್ತು. ಬಳೆ ಇರಲಿಲ್ಲ. ಬೀಗದಮ್ಮ ಬಗ್ಗಿ ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಇಲ್ಲಿರೋ ಬಿಳೀದು ಅಲ್ಲಿ ಎಲ್ಲಿ ಹೋಯ್ತು? ತೆಗೆದೋರು ಯಾರು?"

"ಯಾರೂ ತೆಗೆದಿಲ್ಲಮ್ಮ. ಮೈ ತಾನಾಗೇ ಅದನ್ನ ಕಳ್ಕೊಂಡಿದೆ. ನಾವು ತಿಂದದ್ದರಲ್ಲಿ ಮಿಕ್ಕಿದ್ದನ್ನ ಮೈ ಕೊಬ್ಬು ಮಾಡಿ ಚರ್ಮದ ಕೆಳಗೆ ಇಟ್ಕೊಳ್ಳುತ್ತೆ. ತೊಡೆ, ಸೊಂಟ, ತೋಳು, ಎಲ್ಲಾ ಕಡೆ. ಇವರಿಗೆ ಕೈಕಾಲಲ್ಲಿ ಆ ಜಾಗವೇ ಇಲ್ಲ. ಹಾಗಾಗಿ ಹಿತಮಿತವಾಗಿ ತಿಂದ್ರೂ ಅದು ರಕ್ತದಲ್ಲೇ ಓಡಾಡುತ್ತೆ, ಲಿವರಲ್ಲಿ ಹೋಗಿ ಕೂರುತ್ತೆ, ಕುತ್ತಿಗೆಗೆ ಹೊಟ್ಟೆಗೆ ತುಂಬ್ಕೊಳ್ಳುತ್ತೆ. ಲಿಪೊಡಿಸ್ಟ್ರೋಫಿ ಅಂತಾರೆ, ಅಪರೂಪದ ಕಾಯಿಲೆ. ಬರೀ ಚಿತ್ರ ನೋಡಿ ಹೇಳ್ತಿಲ್ಲ. ಮೈ ನೋಡಿ, ರಕ್ತ ನೋಡಿ, ಅದರ ಜೊತೆ ಇದನ್ನಿಟ್ಟು ಹೇಳ್ತಿದ್ದೀನಿ. ಖಚಿತ ಮಾಡ್ಕೊಳ್ಳೋಕೆ ಜೀನ್ ಪರೀಕ್ಷೆಗೂ ಕಳಿಸ್ತೀನಿ."

ಬೀಗದಮ್ಮನಿಗೆ ತನ್ನ ಸ್ಟೋರು ನೆನಪಾಯಿತು. ಒಂದು ವರ್ಷ ಹಾಸ್ಟೆಲಿನ ಸ್ಟೋರಿನ ಹಲಗೆಗಳಿಗೆಲ್ಲ ಗೆದ್ದಲು ಹಿಡಿದು, ಎಲ್ಲವನ್ನೂ ಕಿತ್ತುಹಾಕಿದ್ದರು. ಬಂದ ಮೂಟೆ ಇಡಲು ಜಾಗವಿಲ್ಲದೆ ಓಣಿಯಲ್ಲಿ, ಅಡುಗೆಮನೆಯಲ್ಲಿ, ಮೆಟ್ಟಿಲ ಕೆಳಗೆ ಪೇರಿಸಿದ್ದಳು. ವಾರ್ಡನ್ ಬಂದು ಕಾಲಿಗೆ ತಡೆದ ಮೂಟೆ ನೋಡಿ, ಇಷ್ಟೊಂದು ಯಾಕೆ ತರಿಸಿದಿರಿ, ಯಾರ ಹತ್ತಿರ ಕಮಿಷನ್ ತಿಂದಿರಿ ಎಂದು ಎಲ್ಲರೆದುರು ಕೂಗಾಡಿದ್ದರು. ತರಿಸಿದ್ದು ಎಂದಿನಷ್ಟೇ. ಇಡಲು ಜಾಗವಿರಲಿಲ್ಲ. ಎಷ್ಟು ಹೇಳಿದರೂ ವಾರ್ಡನ್ ನಂಬಿರಲಿಲ್ಲ. ಅಂದು ಅವಳು ಸ್ಟೋರಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದಳು.

"ಹಾಗಾದ್ರೆ ಇವಳು... ಕದ್ದು ತಿಂತಿರಲಿಲ್ವಾ?"

"ಏನು ತಿಂದ್ರು ಅಂತ ಈ ಚಿತ್ರ ಹೇಳಲ್ಲಮ್ಮ. ಬಾಯಿ ಕಟ್ಟಿದ್ರೂ ಹೀಗಾಗಬಹುದು ಅಂತ ಹೇಳುತ್ತೆ. ಪಥ್ಯ ಮುಂದೇನೂ ಬೇಕು, ಔಷಧಿ ಬದಲಾಯಿಸ್ತೀನಿ. ಏನು ತಿಂದ್ರು ಅನ್ನೋದನ್ನ ನೀವು ಅವರನ್ನೇ ಕೇಳ್ಬೇಕು."

"ಕೇಳಿದ್ದೀನಿ."

"ಏನಂದ್ರು?"

"ಇಲ್ಲ ಅಂದ್ಲು," ಎಂದಳು ಬೀಗದಮ್ಮ.

ಡಾಕ್ಟರು ದನಿ ತಗ್ಗಿಸಿ ಮುಂದುವರಿಸಿದರು. ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಗಂಡಸರಲ್ಲಿ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಗಟ್ಟಿ ಆಳು ಎಂದುಕೊಂಡು ಬಿಟ್ಟುಬಿಡುತ್ತಾರೆ. ಹೆಂಗಸರಿಗೆ ಕಾಟ ಹೆಚ್ಚು. ಅಪ್ಪನನ್ನೂ ಕರೆದುಕೊಂಡು ಬನ್ನಿ. ಅಪ್ಪನ ಕಡೆ ಇಂಥ ಕಾಲು, ಸಕ್ಕರೆ, ಹೊಟ್ಟೆನೋವು ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು.

"ಅಜ್ಜಿಗಿತ್ತು," ಎಂದಳು ಪುಟ್ಟಿ. "ಹೊಟ್ಟೆನೋವಲ್ಲೇ ಹೋದ್ರು. ಅಪ್ಪನ ತಂಗಿ ಇದ್ದಾರೆ, ನಮ್ಮತ್ತೆ, ಅವರಿಗೂ ಇದೇ ಕಾಲು."

"ಹಾಗಾದ್ರೆ ನಿಮ್ಮತ್ತೆ ತೋರಿಸ್ಕೊಳ್ಳೋಕೆ ತಡ ಮಾಡೋ ಹಾಗಿಲ್ಲ."

ಆಸ್ಪತ್ರೆಯ ಓಣಿಯಲ್ಲಿ ಬೀಗದಮ್ಮ ಮಗಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ ಪುಟ್ಟಿ," ಎಂದಾಗ ಅಳು ಒತ್ತರಿಸಿ ಬಂತು. ಪುಟ್ಟಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ನಾನು ಬಾಯಿಬಿಟ್ಟು ಹೇಳಿದ್ದು ಸಾಲಲಿಲ್ಲ ನಿಂಗೆ. ಮೆಷಿನ್ ಹೇಳ್ಬೇಕಾಯ್ತು," ಎಂದಳು. "ನನ್ನ ಹತ್ರ ಆಮೇಲೆ ಅಳು. ಮೊದಲು ಅತ್ತೆ ಹತ್ರ ಹೋಗು."

ಮನೆಯಲ್ಲಿ ಅಂಚೆಯಣ್ಣ ಎಲ್ಲವನ್ನೂ ಕೇಳಿ, ತನ್ನ ಕಾಲನ್ನೇ ಹೊಸದಾಗಿ ನೋಡುವವನ ಹಾಗೆ ನೋಡಿಕೊಂಡ. ತಂಗಿಗೆ ಫೋನು ಮಾಡಿದ. ಆಕೆ ಕಟ್ ಮಾಡಿದಳು. ಮತ್ತೆ ಮಾಡಿದ, ಮತ್ತೆ ಕಟ್. "ನೀನೇ ಹೋಗಬೇಕು ಕಣೇ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಈಗಲಾದ್ರೂ ನಂಬ್ತೀಯಾ, ಸಕ್ಕರೆ ತಿಂದಿದ್ದು ನಾನೇ ಅಂತ?" ಎಂದ.

"ನಂಬಿದೆ ಮಾರಾಯರೇ. ಸೋಮವಾರ ನಿಮ್ಮನ್ನೂ ಆ ಸ್ಕ್ಯಾನ್ ಮೆಷಿನ್ನಿನೊಳಗೆ ತಳ್ಳಿಸ್ತೀನಿ, ಸುಮ್ನಿರಿ."

ನಾದಿನಿ ಊರಿನ ಇನ್ನೊಂದು ತುದಿಯಲ್ಲಿ ಲಾಂಡ್ರಿ ಇಟ್ಟಿದ್ದಳು. ಬೀಗದಮ್ಮ ಮರುದಿನ ಮಧ್ಯಾಹ್ನ ರಜೆ ಹಾಕಿ ಹೋದಾಗ ಅವಳು ನೆಲ ಮುಟ್ಟುವ ಲಂಗದಲ್ಲಿ ನಿಂತು ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಗುಂಡು ಮುಖ, ದಪ್ಪ ಕುತ್ತಿಗೆ. ಎಂಟು ವರ್ಷದಲ್ಲಿ ಥೇಟ್ ಅತ್ತೆಯ ಹಾಗೇ ಆಗಿದ್ದಳು.

"ಏನು ಬಂದ್ರಿ?" ನಾದಿನಿ ಇಸ್ತ್ರಿ ನಿಲ್ಲಿಸಲಿಲ್ಲ. "ನನ್ನ ಮನೆ ಡಬ್ಬಿಗಳನ್ನೂ ಎಣಿಸೋಕಾ?"

ಬೀಗದಮ್ಮ ನಿಂತೇ ಎಲ್ಲವನ್ನೂ ಹೇಳಿದಳು. ಪುಟ್ಟಿಯ ಕಾಯಿಲೆ, ಸ್ಕ್ಯಾನು, ವಂಶದಲ್ಲಿ ಬರುವ ವಿಷಯ, ಡಾಕ್ಟರು ಹೇಳಿದ್ದು. ನಾದಿನಿ ಅಂಗಿ ಮಡಚಿಟ್ಟು ಇನ್ನೊಂದನ್ನು ಹರಡಿದಳು.

"ಅವತ್ತು ನಮ್ಮಮ್ಮನ್ನ ಕಳ್ಳಿ ಅಂದ್ರಿ. ಇವತ್ತು ನಮ್ಮ ವಂಶದ ರಕ್ತಾನೇ ಕೆಟ್ಟದ್ದು ಅಂತ ಸರ್ಟಿಫಿಕೇಟ್ ತಂದ್ರಾ? ಮಗಳಿಗೆ ಕಾಯಿಲೆ ಬಂದ ತಕ್ಷಣ ನನ್ನ ನೆನಪಾಯ್ತಾ? ನಿಮಗೇನು ಬೇಕು ಸರಿಯಾಗಿ ಹೇಳಿ. ನೀವು ಸುಮ್ಮಸುಮ್ಮನೆ ಬರೋರಲ್ಲ."

"ನೀನು ಒಂದು ಸಲ ತೋರಿಸ್ಕೋಬೇಕು, ಅಷ್ಟೇ."

"ಅಷ್ಟೇನಾ?"

ಬೀಗದಮ್ಮ ಚೀಲದಿಂದ ಸ್ಕ್ಯಾನಿನ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಡಾಕ್ಟರು ತೋರಿಸಿದ ಹಾಗೇ ಬೆರಳಿಟ್ಟು ತೋರಿಸಿದಳು. ನಾದಿನಿ ಮೊದಲು ದೂರದಿಂದ ನೋಡಿದಳು, ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹತ್ತಿರ ಬಂದಳು. ತೊಡೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳ ಕೈ ತಾನಾಗೇ ಲಂಗದ ಮೇಲಿನಿಂದ ತನ್ನ ತೊಡೆಯನ್ನು ಹಿಸುಕಿ ನೋಡಿಕೊಂಡಿತು.

"ಹಾಗಾದ್ರೆ ಅಮ್ಮ ತಿಂದಿರಲಿಲ್ಲ," ಎಂದಳು.

"ಇಲ್ಲ ಅಂತಲೇ ಅನ್ಸುತ್ತೆ."

"ನಿಮಗೊಂದು ವಿಷಯ ಗೊತ್ತಾ? ಕೊನೆಕೊನೆಗೆ ಅಮ್ಮ ನಮ್ಮನೆಗೆ ಬಂದಾಗ ಮಲಗೋಕೆ ಮುಂಚೆ ನನ್ನ ಕೈಲಿ ಕೈ ಕಟ್ಟಿಸ್ಕೊಳ್ತಿದ್ಲು. ದುಪಟ್ಟಾದಲ್ಲಿ, ಮಂಚದ ಕಾಲಿಗೆ. ಯಾಕಮ್ಮಾ ಅಂದ್ರೆ, 'ನಾನು ಏನೂ ತಿಂತಿಲ್ಲ, ಆದ್ರೆ ನಿನ್ನ ಅತ್ತಿಗೆ ಅಷ್ಟು ಖಡಾಖಂಡಿತವಾಗಿ ಹೇಳ್ತಾಳೆ. ನಿದ್ದೆಗಣ್ಣಲ್ಲಿ ಎದ್ದು ತಿಂತಿದ್ದೀನೋ ಏನೋ, ನಂಗೇ ಗೊತ್ತಾಗ್ತಿಲ್ಲ' ಅಂತಿದ್ಲು."

ಬೀಗದಮ್ಮ ಕೈಯಲ್ಲಿದ್ದ ಫಿಲ್ಮನ್ನು ಕೆಳಗಿಳಿಸಿದಳು. ಬಟ್ಟೆ ಗಂಟಿನ ಮೇಲೆ ಕೂತಳು. ಅವಳಿಗೆ ಅಸಹ್ಯವಾಯಿತು, ತನ್ನ ಮೇಲೇ. ಕ್ಷಮಿಸು ಎನ್ನಲು ಹೋಗಿ ಅತ್ತುಬಿಟ್ಟಳು. ನಾದಿನಿ ಸಮಾಧಾನ ಮಾಡಲಿಲ್ಲ, ಅಳುವುದನ್ನು ನೋಡುತ್ತಾ ನಿಂತಳು.

ಅಷ್ಟರಲ್ಲಿ ಬಟ್ಟೆ ಕೊಂಡೊಯ್ಯಲು ಮೇಷ್ಟ್ರೊಬ್ಬರು ಬಂದರು. ನಾದಿನಿಯ ಪಕ್ಕದ ಬೀದಿಯವರು, ವಯಸ್ಸಾದವರು. ಬೀಗದಮ್ಮನನ್ನು ಕಂಡು ಗುರುತು ಹಿಡಿದರು.

"ಓಹೋ, ಅಪರೂಪವಾದ್ರಿ! ನಿಮ್ಮತ್ತೆ ತೀರಿಕೊಂಡ ದಿನ ನೋಡಿದ್ದು. ಪಾಪ, ಬಾಯೊಂದು ಹಿಡಿತದಲ್ಲಿದ್ದಿದ್ರೆ ಇನ್ನೂ ಹತ್ತು ವರ್ಷ ಇರ್ತಿದ್ರು. ನೀವು ಅವತ್ತು ಹೇಳಿದ ಮಾತನ್ನ ನನ್ನ ಹೆಂಡ್ತಿಗೆ ಇವತ್ತಿಗೂ ಹೇಳ್ತಿರ್ತೀನಿ ನೋಡಿ."

ನಾದಿನಿ ಅತ್ತ ತಿರುಗಿ ಇಸ್ತ್ರಿ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಬೀಗದಮ್ಮ ಎದ್ದು ನಿಂತಳು.

"ಮೇಷ್ಟ್ರೇ, ಅದು ಸುಳ್ಳು."

"ಯಾವುದು?"

"ನಮ್ಮತ್ತೆ ಕದ್ದು ತಿಂದು ಸಾಯಲಿಲ್ಲ. ಅವರಿಗಿದ್ದದ್ದು ಬೇರೆ ಕಾಯಿಲೆ. ನಾನು ಗೊತ್ತಿಲ್ಲದೆ ಅವರನ್ನ ಕಳ್ಳಿ ಮಾಡಿದೆ. ನಿಮ್ಮ ಹೆಂಡ್ತಿಗೂ ಹೇಳಿಬಿಡಿ, ಸೊಸೆ ಹೇಳಿದ್ದು ಸುಳ್ಳು ಅಂತ."

ಮೇಷ್ಟ್ರು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು. "ಹೌದಾ... ಹಾಗಾ..." ಎನ್ನುತ್ತಾ ಅಂಗಿಗಳನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಇಸ್ತ್ರಿ ಪೆಟ್ಟಿಗೆ ಮತ್ತೆ ಅಂಗಿಯ ಮೇಲೆ ಓಡಾಡತೊಡಗಿತು.

"ಅವತ್ತು ಮನೆ ತುಂಬ ಜನ ಇದ್ರು," ಎಂದಳು ನಾದಿನಿ, ತಲೆಯೆತ್ತದೆ. "ಮೇಷ್ಟ್ರು ಒಬ್ಬರೇ ಅಲ್ಲ."

ಬೀಗದಮ್ಮ ಕೌಂಟರಿನ ಮೇಲಿದ್ದ ಲಾಂಡ್ರಿ ಚೀಟಿಯೊಂದನ್ನು ಹರಿದು, ಹಿಂಬದಿಗೆ ತಿರುಗಿಸಿ, ಪೆನ್ನು ತೆಗೆದುಕೊಂಡಳು. "ಯಾರ್ಯಾರು ಅಂತ ಹೇಳ್ತಾ ಹೋಗು. ಬರ್ಕೋತೀನಿ. ಒಬ್ಬೊಬ್ಬರ ಮನೆಗೂ ಹೋಗ್ತೀನಿ."

ನಾದಿನಿ ಅವಳ ಮುಖವನ್ನೇ ದಿಟ್ಟಿಸಿ ನೋಡಿದಳು. ಇದೂ ಏನಾದರೂ ಹೂಟವೇ ಎಂದು ತೂಗಿ ನೋಡುವ ನೋಟ.

"ಮೊದಲು ನಮ್ಮೆಜಮಾನರ ಹೆಸರು ಬರ್ಕೊಳ್ಳಿ," ಎಂದಳು.

"ಅವರಾ?"

"ನಂಗೂ ಸಕ್ಕರೆ ಕಾಯಿಲೆ ಬಂದು ಮೂರು ವರ್ಷ ಆಯ್ತು. ಕಳ್ಳಿ ಮಗಳು ಕಳ್ಳಿನೇ ಅಂತಾರೆ. ಸಂಜೆ ಕೆಲಸದಿಂದ ಬಂದ ತಕ್ಷಣ, ಚಪ್ಪಲಿ ಬಿಡೋಕೂ ಮುಂಚೆ, ಬಾಯಿ ತೆಗಿ ಅಂತಾರೆ. ನನ್ನ ಬಾಯಿ ವಾಸನೆ ನೋಡ್ತಾರೆ, ಅತ್ತಿಗೆ."

ಬೀಗದಮ್ಮನ ಪೆನ್ನು ಚೀಟಿಯ ಮೇಲೆ ನಿಂತುಬಿಟ್ಟಿತು. ಆಮೇಲೆ ಅವಳು ಅದನ್ನು ಒತ್ತಿ ಹಿಡಿದು ಮೊದಲ ಸಾಲು ಬರೆದಳು.

"ಎಷ್ಟೊತ್ತಿಗೆ ಬರ್ತಾರೆ?"

"ಆರಕ್ಕೆ. ಸೀದಾ ಅಂಗಡಿಗೇ ಬರ್ತಾರೆ."

ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು ಆಗಿತ್ತು. ಬೀಗದಮ್ಮ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತಳು.

"ಕಾಯ್ತೀನಿ," ಎಂದಳು.